ನೆಲಕ್ಕಿಟ್ಟ ಬುಟ್ಟಿ

ಫಳ್ನೀರಿನ ಫ್ಲ್ಯಾಟಿನಲ್ಲಿ ಅಮ್ಮನ ಶೋಕೇಸು ತೆರೆದರೆ ಈಗಲೂ ಕಾಡುಬಳ್ಳಿಯ ಒಗರು ವಾಸನೆ ಬರುತ್ತದೆ.

ಆಗ ನಮ್ಮ ಮನೆ ಪಡೀಲಿನ ಆಚೆ ಇತ್ತು, ನಾನು ಆರನೇ ಕ್ಲಾಸು. ಶಾಲೆಯ ಬಸ್ಸು ದಾರಿಯಲ್ಲಿ ಕೊರಗರ ಕಾಲನಿಯೊಳಗೆ ಹೋಗಿಬರುವುದನ್ನು ನಿಲ್ಲಿಸಿತ್ತು. ಒಳರಸ್ತೆ ಸರಿಯಿಲ್ಲವಂತೆ. ಆದರೆ ಉಳಿದ ಮಕ್ಕಳಿಗೆ ತಡವಾಗುತ್ತದೆಂದು ಅರ್ಜಿ ಬರೆದವರು ಪೋಷಕರ ಸಂಘದ ಅಧ್ಯಕ್ಷೆ, ಅಂದರೆ ನನ್ನ ಅಮ್ಮ. ಕಾಲನಿಯ ಸುಮತಿ, ನನ್ನದೇ ಕ್ಲಾಸಿನವಳು, ದಿನಾ ಹೆದ್ದಾರಿಯವರೆಗೆ ನಡೆದು ಬರುತ್ತಿದ್ದಳು.

ಆದಿವಾಸಿ ದಿನದಂದು ಶಾಲೆಯಲ್ಲಿ ಸುಮತಿಯ ಅಜ್ಜಿಗೆ ಸನ್ಮಾನ. ಅದೇ ಬಸ್ಸು ಹೂಮಾಲೆ ಹಾಕಿಕೊಂಡು, ಅದೇ ರಸ್ತೆಯಲ್ಲಿ ಹೋಗಿ ಅಜ್ಜಿಯನ್ನು ಕರೆತಂದಿತು. ಹೊಂಡಗಳೆಲ್ಲ ಆ ದಿನ ರಜೆ ಹಾಕಿದ್ದವೋ ಏನೋ!

ಪ್ರಿನ್ಸಿಪಾಲರು ಮೈಕಿನಲ್ಲಿ ಹಿಂದಿನವರ ತಪ್ಪಿಗೆಲ್ಲ ಗದ್ಗದಿತರಾಗಿ ಕ್ಷಮೆ ಕೇಳಿದರು. ಅಮ್ಮ ಶಾಲು ಹೊದಿಸಿದರು. ಅಜ್ಜಿ ತಾವೇ ಕಾಡುಬಳ್ಳಿಯಲ್ಲಿ ಹೆಣೆದು ತಂದಿದ್ದ ಬುಟ್ಟಿಯನ್ನು ಅಮ್ಮನ ಕೈಗೆ ಕೊಡಲಿಲ್ಲ. ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ನಮ್ಮ ಮುತ್ತಜ್ಜನ ಅಂಗಳದಲ್ಲಿ ಅಜ್ಜಿಯ ಕಡೆಯವರು ಹಾಗೆಯೇ ಇಟ್ಟು ಸರಿಯಬೇಕಿತ್ತಂತೆ.

ಸಭೆಯಿಡೀ ಚಪ್ಪಾಳೆ ತಟ್ಟಿತು. "ಎಂತ ಚಂದ ಉಂಟಲ್ಲ ಮೇಡಂ, ಇವರ ಕ್ರಮ!" ಎಂದು ಅಮ್ಮ ಪ್ರಿನ್ಸಿಪಾಲರಿಗೆ ಹೇಳಿ, ಬಗ್ಗಿ ಬುಟ್ಟಿ ಎತ್ತಿಕೊಂಡರು.

ಸಂಜೆ ಎಲ್ಲರೂ ಅದೇ ಬಸ್ಸಿನಲ್ಲಿ ಹೊರಟೆವು. ಹೆದ್ದಾರಿಯ ಬದಿಗೆ ನಿಲ್ಲಿಸಿದ ಡ್ರೈವರು, "ಅಜ್ಜಿ, ಇಲ್ಲೇ ಇಳೀರಿ, ಒಳಗೆ ರೋಡು ಸರಿ ಇಲ್ಲ" ಎಂದ. ಅಜ್ಜಿ ಶಾಲು ಮಡಚಿ ಕಂಕುಳಲ್ಲಿಟ್ಟು ಸುಮತಿಯ ಕೈ ಹಿಡಿದು ಇಳಿದರು. ಅಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ವಾಚು ನೋಡಿದರು.

ಆ ದಿನವೂ ನಮಗೆ ತಡವಾಗಲಿಲ್ಲ.