ಕೆಂಚ ಕೇಳಿದ ಶಿಳ್ಳೆ

“ನಾಯಿ ಕತ್ತಿನ ಪಟ್ಟಿಗಿರೋ ಬುದ್ಧಿ ನಿನ್ಗಿಲ್ವಲ್ಲ ಕಣ್ಲಾ ತಿಮ್ಮೇಶ!” ಕುರಿ ಕೊಳ್ಳಲು ಬಂದವರ ಮುಂದೆಯೇ ಹೊಣಕೆರೆಯ ಕುರಿ ಫಾರಂ ಮಾಲೀಕ ನಾಗಾರ್ಜುನ ನಕ್ಕ. “ನೀನು ಊರಿಗೋಗಿದ್ದಾಗ ನಿನ್ನಂಗೇ ಶಿಳ್ಳೆ ಹಾಕ್ದೆ. ನಾಯಿ ತಡ ಮಾಡ್ದಾಗೆಲ್ಲ ಈ ರಿಮೋಟು ಒತ್ತಿ ಪಟ್ಟಿಯಿಂದ ಕತ್ತಿಗೆ ಕರೆಂಟು ಕೊಟ್ಟೆ. ಈಗೆಂಗೆ ಮಾತು ಕೇಳ್ತದೆ ನೋಡು. ಊಂ, ಶಿಳ್ಳೆ ಹಾಕ್ಲಾ!”

ಫಾರಂನಲ್ಲಿ ಕುರಿ ಕಾಯುವ ತಿಮ್ಮೇಶ ನಾಲಿಗೆ ಮಡಚಿ ಶಿಳ್ಳೆ ಹಾಕಿದ. ಮರಿಯಾಗಿದ್ದಾಗಿನಿಂದ ಅವನೇ ಸಾಕಿದ ಕೆಂಚ, ಆ ಶಿಳ್ಳೆ ಕೇಳಿದರೆ ಕುರಿಗಳ ಮೇಲೇ ಹಾರಿಬಂದು ಅವನ ಎದೆಗೆ ಕಾಲಿಡುತ್ತಿತ್ತು. ಇವತ್ತೂ ಬಂತು. ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು ಬಂದು, ಅವನ ಕಾಲ ಬಳಿ ಕಣ್ಣು ಮುಚ್ಚಿ ಉಚ್ಚೆ ಹೊಯ್ದುಕೊಂಡಿತು. ನೋಡುತ್ತಿದ್ದವರು “ಭಲೇ!” ಅಂದರು.

ತಿಮ್ಮೇಶ ಕೈ ಎತ್ತಿದ. ಮಾಲೀಕನಿಗೆ ಬಾರಿಸಿಯೇ ಬಿಡುತ್ತಿದ್ದ. ಆದರೆ ಎತ್ತಿದ ಕೈ ಕಂಡು ಕೆಂಚ ಇನ್ನಷ್ಟು ಮುದುರಿಕೊಂಡಿತು. ಅವನು ಕೈ ಇಳಿಸಿ ಕುಕ್ಕರಗಾಲಲ್ಲಿ ಕೂತ. ಪಟ್ಟಿ ಬಿಚ್ಚಿ, ಕತ್ತಿನ ಹುಣ್ಣು ತಾಗದ ಹಾಗೆ ಸುತ್ತ ಸವರಿದ. ಪಟ್ಟಿಯನ್ನು ಕುರಿ ನೀರು ಕುಡಿಯುವ ತೊಟ್ಟಿಗೆ ಎಸೆದು ಎದ್ದ.

“ಲೇ, ಎಲ್ಲಿಗ್ಲಾ ಹೊಂಟೆ? ನಾಯಿ ನಂದು ಕಣ್ಲಾ, ಅದ್ನ ಕರ್ದೀಯಾ ಮತ್ತೆ!”

ತಿಮ್ಮೇಶ ಶಿಳ್ಳೆ ಹಾಕಲಿಲ್ಲ. ಹೆದರಿದ ನಾಯಿಯೊಂದು ಮನಸ್ಸು ಮಾಡಿ ಹಿಂದೆ ಬರಲಾಗುವಷ್ಟು ನಿಧಾನಕ್ಕೆ ಗೇಟಿನ ಕಡೆ ನಡೆದ.