ಊರು ನೋಡಲು ಬಂದವನು

ಹೆಣ್ಣಿನ ಕಡೆಯವನೇ. ಗುರುಲಿಂಗವ್ವನಿಗೆ ಅನುಮಾನ ಉಳಿಯಲಿಲ್ಲ. ಗುಡೂರಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಗಂಡಸು, ಯಾರ ಮನೆಯನ್ನೂ ಕೇಳದೆ ನೇರ ಬಾವಿಗೆ ಹೋಗಿ, "ಬ್ಯಾಸಿಗ್ಯಾಗ ನೀರ ಇರ್ತಾವೇನು?" ಎಂದು ಹೆಂಗಸರನ್ನು ವಿಚಾರಿಸುತ್ತಾನೆಂದರೆ ಮತ್ತೇನು?

ಯಾಕೆ ಕೇಳುತ್ತೀರೆಂದರೆ, "ಇಲ್ಲಿ ಬಂದು ಇರೋರಿಗೆ ಬಾಳೇ ಹೆಂಗಾದೀತು ಅಂತ ನೋಡಾಕತ್ತೀನಿ," ಅಂದನಂತೆ. ಇನ್ನು ಬಿಡಿಸಿ ಹೇಳಬೇಕೆ?

ಈ ಸೀಮೆಯಲ್ಲಿ ಹೆಣ್ಣು ಕೊಡುವವರು ಹೀಗೇ ಬರುವುದು. ಹೇಳಿ ಕಳಿಸಿ ಬಂದರೆ ಊರು ಮಡಿ ಧೋತರ ಉಟ್ಟು ನಿಂತಿರುತ್ತದೆಂದು ಅವರಿಗೂ ಗೊತ್ತು. ಅದಕ್ಕೇ ಮೊದಲು ಗುರುತಿಲ್ಲದವನೊಬ್ಬನನ್ನು ಕಳಿಸುತ್ತಾರೆ. ಅವನು ಹುಡುಗನ ಹೆಸರೆತ್ತುವುದಿಲ್ಲ. ನೀರು, ದಾರಿ, ನೆರೆಹೊರೆ ನೋಡಿಕೊಂಡು ಹೋಗುತ್ತಾನೆ. ಮನಸ್ಸಿಗೆ ಬಂದರೆ ಬೀಗತನ, ಇಲ್ಲದಿದ್ದರೆ ಸುದ್ದಿಯೇ ಇಲ್ಲ.

ಗುರುಲಿಂಗವ್ವನಿಗೆ ಇಲ್ಲಿಯವರೆಗೆ ಯಾವ ಸುದ್ದಿಯೂ ಬಂದಿರಲಿಲ್ಲ. ಎಮರ್ಜೆನ್ಸಿ ವರ್ಷ ಮಗ ಅಂದಪ್ಪನ ಹೆಂಡತಿಗೆ ಹೆರಿಗೆ ನೋವು ಬಂದಿತ್ತು. ಇಳಕಲ್ಲಿನ ದವಾಖಾನೆಗೆ ಹೊರಟ ಗಾಡಿ ಹಳ್ಳದ ಉಸುಕಿನಲ್ಲಿ ಹೂತು, ಆಕೆ ಅಲ್ಲೇ ಹೋಗಿಬಿಟ್ಟಳು. ಅಂದಪ್ಪನಿಗಿನ್ನೂ ಮೂವತ್ತು ದಾಟಿಲ್ಲ. ಹೊಲವಿದೆ, ಚಟವಿಲ್ಲ. ಆದರೂ ಶಿರೂರಿನವರು ಒಲ್ಲೆವೆಂದರು, ಕೆರೂರಿನವರು ಒಲ್ಲೆವೆಂದರು. ದವಾಖಾನೆ ಇಲ್ಲದ ಊರಿಗೆ ಮಗಳನ್ನು ಕೊಟ್ಟು ಕಳೆದುಕೊಳ್ಳುವುದೇಕೆ ಎಂಬುದು ಎಲ್ಲರದೂ ಒಂದೇ ರಾಗ. ಕೇಳಿ ಕೇಳಿ ಗುರುಲಿಂಗವ್ವ ರೋಸಿಹೋಗಿದ್ದಳು. ಡಾಕ್ಟರನನ್ನೇನು ಅವಳು ಹಿತ್ತಲಲ್ಲಿ ಬೆಳೆಯಬೇಕಿತ್ತೆ? ಅರ್ಜಿ ಕೊಟ್ಟು ಕೊಟ್ಟು ಊರ ಪಂಚರ ಚಪ್ಪಲಿಗಳೇ ಸವೆದಿದ್ದವು.

"ಈ ಸಲ ಬಿಡಂಗಿಲ್ಲ," ಎಂದು ಸೆರಗು ಬಿಗಿದಳು.

ಬಂದವನು ಶಾಲೆ ನೋಡಿ ಮುಗಿಸುವಷ್ಟರಲ್ಲಿ ಪಾಳುಬಿದ್ದ ಚಾವಡಿ ಕೋಣೆ ದವಾಖಾನೆಯಾಯಿತು. ಕಿಟಕಿಯಲ್ಲಿ ಖಾಲಿ ಔಷಧ ಬಾಟಲಿಗಳು, ಬಾಗಿಲಿಗೆ ಕೀಲಿ, ಕಟ್ಟೆಯ ಮೇಲೆ ಔಷಧಕ್ಕೆ ಕಾದವರಂತೆ ಕೂಸುಗಳನ್ನೆತ್ತಿಕೊಂಡ ನೆರೆಮನೆಯ ಚಂದವ್ವ, ಮಕ್ತುಮಬಿ. ಯಾರೂ ಒಲ್ಲೆ ಅನ್ನಲಿಲ್ಲ. ಊರ ಹುಡುಗನ ಮದುವೆಯೆಂದರೆ ಊರಿಗೆಲ್ಲ ಒಂದೇ ಬಾಯಿ.

ಅಪಸ್ವರ ತೆಗೆದವನು ಅಂದಪ್ಪನೊಬ್ಬನೇ. "ಬ್ಯಾಡ ಯವ್ವಾ, ಖರೆ ಹೇಳಿಬಿಡೂಣು. ನಾಳೆ ಬಂದಾಕಿ ಏನಂದಾಳು?"

"ಮೊದಲ ಬರ್ಲಿ, ಆಮ್ಯಾಲ ಅನ್ಲಿ. ನೀ ಬಾಯಿ ಮುಚ್ಚು."

ಬಂದವನ ತಲೆಯ ಮೇಲೆ ಅಗಲ ಟೊಪ್ಪಿಗೆ, ಕಾಲಲ್ಲಿ ದಪ್ಪ ಬೂಟು. ಗುರುಲಿಂಗವ್ವ ತಂಬಿಗೆ ನೀರು ಕೊಟ್ಟರೆ ಕೈಮುಗಿದು, ತನ್ನ ಬಾಟಲಿಯ ನೀರನ್ನೇ ಕುಡಿದ. ಮಾತೂ ವಿಚಿತ್ರ. ಸತ್ತುಹೋದ ಮುದುಕಿಯರ ಬಾಯಲ್ಲಿ ಕೇಳಿದ್ದ ಶಬ್ದಗಳು ಅವನ ಬಾಯಿಂದ ಬರುತ್ತಿದ್ದವು. ಸೊಲ್ಲಾಪುರದ ಕಡೆಯ ಸಿರಿವಂತರಿರಬೇಕು, ಸ್ವಲ್ಪ ಸೊಕ್ಕಿನವರು ಎಂದು ಅವಳು ತೀರ್ಮಾನಿಸಿದಳು.

ಅವನು ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತು, ಚಂದವ್ವನ ಕೂಸಿನ ಕೆಳರೆಪ್ಪೆ ಎಳೆದು ನೋಡಿದ. ಹೊಟ್ಟೆ ಒತ್ತಿ ನೋಡಿದ. ಗುರುಲಿಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಎಂಥ ಜಿಗುಟು ಬೀಗರಪ್ಪಾ, ಊರ ಕೂಸುಗಳನ್ನೂ ಬಿಡಲಿಲ್ಲ.

"ಇದಕ್ಕ ರಕ್ತ ಕಡಿಮಿ ಐತಿ. ಯಾರರೆ ನೋಡ್ಯಾರೇನು?"

"ನೋಡದ ಏನ್ರಿ? ನಮ್ಮ ಡಾಕ್ಟರ್ರು ದಿನಾ ನೋಡ್ತಾರ. ಇವತ್ತ ಔಷಧ ತರಾಕ ಇಳಕಲ್ಲಿಗೆ ಹೋಗ್ಯಾರ."

"ಊರಾಗ ಇರ್ತಾರ?"

"ಹೆಂಡ್ತಿ ಮಕ್ಕಳ ಸಮೇತ ಇಲ್ಲೇ ಮನಿ ಮಾಡ್ಯಾರ್ರಿ."

"ಹೆರಿಗಿ?"

ಅಂದಪ್ಪ ಮುಖ ಆಚೆ ತಿರುಗಿಸಿದ.

"ಎಲ್ಲಾ ಇಲ್ಲೇ ಆಗ್ತಾವ್ರಿ," ಎಂದಳು ಗುರುಲಿಂಗವ್ವ. "ಗಾಡಿ ಕಟ್ಟೂದ ಬಿಟ್ಟೀವಿ."

ಅವನು ಕಿಟಕಿಯ ಬಾಟಲಿಗಳನ್ನು ಬಹಳ ಹೊತ್ತು ನೋಡಿದ. "ಹಂಗಾರ ಈ ಊರಿಗೇನೂ ಕೊರತಿಲ್ಲ," ಎಂದು ಎದ್ದ. ಮುಖದಲ್ಲಿ ಖುಷಿಯಿರಲಿಲ್ಲ. ತಪ್ಪು ಹುಡುಕಲು ಬಂದವನಿಗೆ ತಪ್ಪು ಸಿಗದಿದ್ದರೆ ಹೀಗೇ ಎಂದು ಅವಳು ಒಳಗೊಳಗೇ ನಕ್ಕಳು.

"ಏನೂ ಇಲ್ರಿ. ಬಂದಾಕಿ ರಾಣಿ ಹಂಗ ಇರ್ತಾಳ."

ಅವನು ಅರ್ಥವಾಗದವನಂತೆ ಅವಳನ್ನು ನೋಡಿ, ಟೊಪ್ಪಿಗೆ ಇಟ್ಟುಕೊಂಡು ಹಳ್ಳದ ದಾರಿ ಹಿಡಿದ.

ಗುರುಲಿಂಗವ್ವ ಮನೆಗೆ ಸುಣ್ಣ ಹೊಡೆಸಿದಳು. ಬೀಗರು ಯಾವ ಗಳಿಗೆಗೆ ಬಂದಾರೋ ಎಂದು ರವೆ, ಬೆಲ್ಲ ತೆಗೆದಿಟ್ಟಳು. ಸೀಗಿ ಹುಣ್ಣಿಮೆ ಕಳೆಯಿತು, ದೀಪಾವಳಿ ಕಳೆಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ರವೆಗೆ ಹುಳ ಬಿತ್ತು. ಅವಳ ಸಿಟ್ಟೆಲ್ಲ ಮಗನ ಮೇಲೆ ಹರಿಯಿತು. "ಆವತ್ತ ಮಾರಿ ಜೋಲ ಹಾಕ್ಕೊಂಡ ನಿಂತಿ. ಯಾರ ಕೊಡ್ತಾರ ನಿನಗ ಹೆಣ್ಣ?" ಅಂದಪ್ಪ ಎತ್ತುಗಳ ಕಡೆ ಹೋಗುತ್ತಿದ್ದ.

ಕೊನೆಗೆ ಅವಳ ತಮ್ಮ ರಾಚಪ್ಪ ಬಂದ. ಅಂದಪ್ಪನಿಗೆ ಹೆಣ್ಣು ಹುಡುಕಿ ಅಲೆಯುತ್ತಿದ್ದವನು ಅವನೇ. ಕಾಲಿಗೆ ನೀರು ಕೊಡುವ ಮೊದಲೇ ಗುರುಲಿಂಗವ್ವ ಕೇಳಿದಳು:

"ಏನಂದ್ರು? ಟೊಪ್ಪಿಗಿ ಹಾಕ್ಕೊಂಡ ಬಂದಿದ್ನಲ್ಲ, ಹೆಣ್ಣಿನ ಕಡೆಯಾಂವ?"

"ಅಂವ ಎಲ್ಲೀ ಹೆಣ್ಣಿನ ಕಡೆಯಾಂವ, ಯಕ್ಕಾ," ಎಂದ ರಾಚಪ್ಪ. "ಆಫ್ರಿಕಾದಾಗ ಹುಟ್ಟಿ ಬೆಳದಾಂವ. ಅವನ ಅಜ್ಜಿ ನಿಮ್ಮೂರಾಕಿ ಅಂತ. ಆ ದೇಶ ಬಿಟ್ಟ ಈ ದೇಶಕ್ಕ ಬಂದ್ರ ಹೆಂಡ್ತಿ ಮಕ್ಕಳ ಬಾಳೇ ಹೆಂಗಾದೀತು ಅಂತ ಊರೂರ ಅಡ್ಡಾಡಿ ನೋಡ್ಯಾನ. ಈಗ ಹಳ್ಳದಾಚಿ ಊರಾಗ ಮನಿ ಮಾಡ್ಯಾನ. ಅಂವ ಬಂದಿದ್ದ ತಡ, ಆ ಊರಿಗೆ ಹೆಣ್ಣ ಕೊಡಾಕ ಮಂದಿ ನಾ ಮುಂದ ನೀ ಮುಂದ ಅಂತಾರ."

ಗುರುಲಿಂಗವ್ವನಿಗೆ ಹೊಟ್ಟೆಯುರಿಯಿತು. "ಆ ಊರಾಗೇನೈತಿ? ನೀರ ಸೈತ ಸವಳು. ಅಜ್ಜಿ ಊರ ಬಿಟ್ಟ ಅಲ್ಲಿಗ್ಯಾಕ ಹೋದ?"

"ಅವನ ಮನಸ ನಿಮ್ಮೂರ ಮ್ಯಾಲನ ಇತ್ತಂತ, ಯಕ್ಕಾ. ಆದ್ರ ಅಂವ ಡಾಕ್ಟರ್ ನೋಡು, ಡಾಕ್ಟರ್ ಇಲ್ಲದ ಊರ ಬೇಕಾಗಿತ್ತು ಅವಗ."