ಅಂಚಿನಲ್ಲಿ ಗೀಚಿದ್ದು

"ಕಬಾಡೀ... ರದ್ದೀ ಪೇಪರ್!" ಬಾಗಿಲಾಚೆ ಗುಜರಿಯವನ ಕೂಗು ಕೇಳಿದ್ದೇ ದಕ್ಷಿಣಾಮೂರ್ತಿ ಹೆಂಡತಿಯ ಪುಸ್ತಕಗಳ ಕಟ್ಟು ಹೊತ್ತು ಎದ್ದರು. ರತ್ನಪ್ರಭಾ ತೀರಿಕೊಂಡು ಮೂರು ತಿಂಗಳು; ಅವರು ಅತ್ತಿರಲಿಲ್ಲ, ನಕ್ಕೂ ಇರಲಿಲ್ಲ. ಲೋಧಿ ಕಾಲೋನಿಯ ಕ್ವಾರ್ಟರ್ಸ್ ಖಾಲಿ ಮಾಡಲು ಎರಡೇ ದಿನ ಉಳಿದಿತ್ತು.

"ಇ-ಬುಕ್ಕೇ ವಾಸಿ ಕಣಮ್ಮಾ. ಧೂಳಿಲ್ಲ, ಭಾರವಿಲ್ಲ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೋಬಹುದು," ಎಂದು ಬೆಳಿಗ್ಗೆಯಷ್ಟೇ ಮಗಳು ಅಮಿತಾಗೆ ಒಣದನಿಯಲ್ಲಿ ಒಪ್ಪಿಸಿದ್ದರು. "ಅಂಚಿನಲ್ಲಿ ಯಾರೂ ಗೀಚಿರೋದಿಲ್ಲ."

ಬಾಗಿಲು ತೆರೆದರೆ ಮೂಗು ಹಿಡಿದುಕೊಂಡು ನಿಂತ ಅಮಿತಾ! "ಸಬ್ ದೇ ದೋಗೇ, ಬಾಬೂಜೀ?" ಎಲ್ಲಾ ಕೊಟ್ಟುಬಿಡ್ತೀರಾ ಎಂದು ಕೇಳುವ ಅದೇ ಕಬಾಡಿವಾಲನ ದನಿ. ಅವರು ಬೆಚ್ಚಿದ ರಭಸಕ್ಕೆ, ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದ ರತ್ನಪ್ರಭಾಳ ಅಡುಗೆ ಪುಸ್ತಕ ದೊಪ್ಪನೆ ಜಾರಿಬಿತ್ತು. ತೆರೆದುಕೊಂಡ ಪುಟದ ಅಂಚಿನಲ್ಲಿ ಅವಳದೇ ಅಕ್ಷರ: 'ಇವರೆಷ್ಟು ಗೋಗರೆದರೂ ಉಪ್ಪು ಹೆಚ್ಚು ಹಾಕಬಾರದು!' ಅಮಿತಾ ಕಿಸಕ್ಕೆಂದಳು. ದಕ್ಷಿಣಾಮೂರ್ತಿಯವರಂತೂ ಕಣ್ಣೊರೆಸಿಕೊಳ್ಳುತ್ತಾ, ಮೆಟ್ಟಿಲೆಲ್ಲ ಮೊಳಗುವಂತೆ ನಗತೊಡಗಿದರು.